ಹೋಮ್ ಥಿಯೇಟರಿನ ಸರೌಂಡ್ ಸ್ಪೀಕರುಗಳು: ಧಾರವಾಡ ಜಿಲ್ಲೆಯ ಹಳ್ಳಿಮನೆಗಳಲ್ಲಿ ಆಯ್ಕೆ ಮತ್ತು ಜೋಡಣೆ

ಸಿನಿಮಾದ ಸದ್ದು ಎದುರಿನಿಂದಷ್ಟೇ ಅಲ್ಲದೆ ಅಕ್ಕಪಕ್ಕ, ಹಿಂಬದಿಯಿಂದಲೂ ಕೇಳಿಬರುವಂತೆ ಕೋಣೆಯಲ್ಲಿ ಇಡುವ ಸ್ಪೀಕರುಗಳಿಗೆ ಸರೌಂಡ್ ಸ್ಪೀಕರು ಎಂದು ಹೆಸರು. ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 5.1 ವ್ಯವಸ್ಥೆ. ಇದರಲ್ಲಿ ಎದುರಿಗೆ ಎಡ, ನಡು, ಬಲ ಎಂದು ಮೂರು, ಪಕ್ಕಕ್ಕೆ ತುಸು ಹಿಂದೆ ಎರಡು ಸರೌಂಡ್, ಮತ್ತು ಮಂದ್ರದ ಸದ್ದಿಗೆಂದೇ ಒಂದು ಸಬ್‌ವೂಫರ್ ಇರುತ್ತವೆ. ಪಾತ್ರಗಳ ಮಾತು ಬಹುಪಾಲು ನಡುವಿನ ಸ್ಪೀಕರಿನಿಂದ ಬರುತ್ತದೆ. ಮಳೆ, ಗಾಳಿ, ಜಾತ್ರೆಯ ಗದ್ದಲ, ಗುಡಿಯೊಳಗಿನ ಅನುರಣನ, ಬೆನ್ನ ಹಿಂದೆ ಸರಿದುಹೋಗುವ ಬಸ್ಸು ಸರೌಂಡಿನ ಪಾಲು. ಸರೌಂಡ್ ಸ್ಪೀಕರು ತಾನಿದ್ದೇನೆಂದು ತೋರಿಸಿಕೊಳ್ಳದಿದ್ದರೇ ಅದು ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ನೋಡುವವರು ಕತ್ತು ಹೊರಳಿಸಿ ಪೆಟ್ಟಿಗೆಯ ಕಡೆ ನೋಡಿದರೆ ಜೋಡಣೆಯಲ್ಲಿ ಎಲ್ಲೋ ತಪ್ಪಿದೆ.

ಈ ಬಗೆಯ ಧ್ವನಿ ಮೊದಲು ಬಂದದ್ದು ಚಿತ್ರಮಂದಿರಕ್ಕೆ. ವಾಲ್ಟ್ ಡಿಸ್ನಿಯವರ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ 1940ರಲ್ಲೇ ‘ಫ್ಯಾಂಟಾಸೌಂಡ್’ ಎಂಬ ಬಹುವಾಹಿನಿ ವ್ಯವಸ್ಥೆ ರೂಪುಗೊಂಡಿತ್ತು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’, 70 ಎಂ.ಎಂ. ಪರದೆಯ ಜೊತೆಗೆ ಸ್ಟೀರಿಯೊ ಧ್ವನಿಯ ರುಚಿಯನ್ನು ನಮ್ಮ ಜನರಿಗೆ ಹತ್ತಿಸಿತು. ಎಡಬಲ ಸರೌಂಡುಗಳನ್ನು ಬೇರೆಬೇರೆಯಾಗಿ ನುಡಿಸುವ ಕ್ರಮಕ್ಕೆ 1979ರ ‘ಅಪೋಕ್ಯಾಲಿಪ್ಸ್ ನೌ’ ಹೆಸರಾಯಿತು. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಡಾಲ್ಬಿ ಡಿಜಿಟಲ್ ಧ್ವನಿಯ ಮೊದಲ ಚಿತ್ರ. ಡಿವಿಡಿ ಬಂದ ಮೇಲೆ 5.1 ಮನೆಯೊಳಗೆ ಕಾಲಿಟ್ಟಿತು. ತಲೆಯ ಮೇಲಿಂದಲೂ ಸದ್ದು ಬರಿಸುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೂ 2014ರಲ್ಲಿ ಮನೆಗೂ ಬಂತು.

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಜನರಿಗೆ ಕೂತು ಕೇಳುವುದು ಹೊಸದಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರಿಂದ ಸಂಗೀತ ಕಲಿತ ರಾಮಭಾವು ಕುಂದಗೋಳಕರ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದುಹೋಗುತ್ತಿದ್ದರು. ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲೇ ಇದ್ದು ಕಲಿತರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಈ ಸಂಗೀತವನ್ನು ಹಳ್ಳಿಯ ಕಟ್ಟೆಗಳಿಗೆ ಮುಟ್ಟಿಸಿತು. ತಂಬೂರಿಯ ಶ್ರುತಿ ಕೂದಲೆಳೆಯಷ್ಟು ಇಳಿದರೂ ಗುರುತಿಸುವ ಕಿವಿಗಳು ಈ ಸೀಮೆಯಲ್ಲಿ ಇಂದಿಗೂ ಇವೆ. ಅಂಥ ಮನೆಗೆ ಹೋಮ್ ಥಿಯೇಟರ್ ಬಂದಾಗ ಪೆಟ್ಟಿಗೆಯ ಮೇಲೆ ಅಚ್ಚಾದ ಚಿತ್ರ ನೋಡಿ ಜೋಡಿಸಿದರೆ ಸಾಲದು. ಆ ಚಿತ್ರದಲ್ಲಿರುವುದು ಸೋಫಾ, ಹಾಸುಗಂಬಳಿ, ಪರದೆಗಳಿಂದ ತುಂಬಿದ ಬೇರೊಂದು ಬಗೆಯ ಕೋಣೆ. ಇಲ್ಲಿ ಸ್ಪೀಕರಿಗಿಂತ ಮೊದಲು ಮನೆಯನ್ನು ನೋಡಬೇಕು.

ಮನೆಯ ಬಗೆ

ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಸೀಮೆಯಲ್ಲಿ ಹಳೆಯ ಮನೆ ಎಂದರೆ ಮಾಳಿಗೆ ಮನೆ. ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ. ಧ್ವನಿಯ ಮಟ್ಟಿಗೆ ಇದು ಒಳ್ಳೆಯ ಮನೆ. ಭಾರವಾದ ಗೋಡೆ ಸದ್ದನ್ನು ಪಕ್ಕದ ಮನೆಗೆ ಸುಲಭವಾಗಿ ದಾಟಿಸುವುದಿಲ್ಲ. ಸಾಲಾಗಿರುವ ಜಂತಿಗಳು ಮೇಲೆ ಬಡಿದ ಸದ್ದನ್ನು ಹತ್ತು ದಿಕ್ಕಿಗೆ ಚದುರಿಸುತ್ತವೆ. ಗಿಲಾಯಿ ಕಾಣದ ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ ಇವು ಸಿಮೆಂಟು, ಕಲ್ಲಿಗಿಂತ ತುಸು ಹೆಚ್ಚು ಸದ್ದನ್ನು ಹೀರುತ್ತವೆ.

ಕಲಘಟಗಿ ಮಲೆನಾಡಿನ ಅಂಚು. ಅಲ್ಲಿ ಮಳೆ ಹೆಚ್ಚು, ಇಳಿಜಾರಿನ ಹಂಚಿನ ಮನೆಗಳೂ ಹೆಚ್ಚು. ಹಂಚಿನ ಸಂದುಗಳಲ್ಲಿ ಸದ್ದು ಹೊರಗೆ ಹೋಗುವುದರಿಂದ ಒಳಗೆ ಅನುರಣನ ಕಡಿಮೆ. ಆದರೆ ಆಷಾಢದ ಮಳೆಗೆ ಹಂಚಿನ ಮನೆಯಲ್ಲಾಗಲಿ ತಗಡಿನ ಮನೆಯಲ್ಲಾಗಲಿ ಪಿಸುಮಾತಿನ ಸನ್ನಿವೇಶ ಕೇಳಿಸುವುದು ಕಷ್ಟ. ಆ ಹೊತ್ತಿಗೆ ಎಲ್ಲ ಸ್ಪೀಕರುಗಳ ದನಿ ಏರಿಸುವುದಕ್ಕಿಂತ ನಡುವಿನ ಸ್ಪೀಕರನ್ನಷ್ಟೇ ಎರಡು ಮೂರು ಡೆಸಿಬೆಲ್ ಏರಿಸುವುದು ಮೇಲು.

ಕಷ್ಟ ಕೊಡುವುದು ಈಚೆಗೆ ಎಲ್ಲ ಕಡೆ ಏಳುತ್ತಿರುವ ಆರ್‌ಸಿಸಿ ಮನೆ. ನುಣ್ಣಗೆ ಗಿಲಾಯಿ ಮಾಡಿದ ಗೋಡೆ, ಶಹಾಬಾದ ಫರಸಿ ಇಲ್ಲವೆ ಟೈಲ್ಸಿನ ನೆಲ, ಮೇಲೆ ಸಿಮೆಂಟಿನ ಸಪಾಟು ಛತ್ತು. ಇಂಥ ಖಾಲಿ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಎರಡು ಗೋಡೆಗಳ ನಡುವೆ ಓಡಾಡುವ ‘ಝಣಝಣ’ ಎಂಬ ಮರುದನಿ ಸ್ಪಷ್ಟವಾಗಿ ಕೇಳುತ್ತದೆ. ಈ ಮರುದನಿ ಕೇಳುವ ಕೋಣೆಯಲ್ಲಿ ಎಷ್ಟೇ ದುಬಾರಿ ಸರೌಂಡ್ ಇಟ್ಟರೂ ಅದರ ಸದ್ದು ಎತ್ತಣಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲ.

ಜಮಖಾನೆ ಮತ್ತು ಕೌದಿ

ಕೋಣೆಯಲ್ಲಿ ಸದ್ದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದಕ್ಕೆ ಲೆಕ್ಕ ಹಾಕಿಕೊಟ್ಟವರು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಬೈನ್. ಮಾತು ತಿಳಿಯದ ಒಂದು ಉಪನ್ಯಾಸ ಕೋಣೆಯನ್ನು ಸರಿಪಡಿಸಲು 1895ರಲ್ಲಿ ಕೆಲಸ ಆರಂಭಿಸಿದ ಅವರು, ಹತ್ತಿರದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ತರಿಸಿ, ಒಂದಿಷ್ಟು ಇಟ್ಟು, ಮತ್ತೊಂದಿಷ್ಟು ಇಟ್ಟು, ಸದ್ದು ಅಡಗುವ ಸಮಯವನ್ನು ಅಳೆದರು. ಅವರ ಸೂತ್ರ ಸರಳ: ಕೋಣೆಯ ಘನಮೀಟರನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಮೈಯಿಂದ ಭಾಗಿಸಬೇಕು. ಬಂದದ್ದು ಸೆಕೆಂಡು.

12 ಅಡಿ ಅಗಲ, 16 ಅಡಿ ಉದ್ದ, 10 ಅಡಿ ಎತ್ತರದ ಒಂದು ಪಡಸಾಲೆಯನ್ನು ತೆಗೆದುಕೊಳ್ಳೋಣ. ಘನ ಅಳತೆ ಸುಮಾರು 54 ಘನಮೀಟರ್, ಆರೂ ಮೈ ಸೇರಿ 88 ಚದರ ಮೀಟರ್. ಸಿಮೆಂಟಿನ ಮೈ ಸರಾಸರಿ ನೂರಕ್ಕೆ 5 ಪಾಲು ಸದ್ದು ಹೀರುತ್ತದೆಂದು ಹಿಡಿದರೆ ಸದ್ದು ನಿಲ್ಲುವ ಸಮಯ 2 ಸೆಕೆಂಡ್. ಸಿನಿಮಾ ನೋಡುವ ಮನೆಕೋಣೆಗೆ ಬೇಕಾದದ್ದು ಅರ್ಧ ಸೆಕೆಂಡಿನ ಆಸುಪಾಸು. ಈಗ ನೆಲದ ಮೇಲೆ 10 ಚದರ ಮೀಟರಿನ ಜಮಖಾನೆ ಹಾಸಿ, ಹಿಂದಿನ ಮತ್ತು ಪಕ್ಕದ ಗೋಡೆಗೆ ಒಟ್ಟು 8 ಚದರ ಮೀಟರ್ ಕೌದಿ ತೂಗಿಬಿಟ್ಟು, ಐದು ಜನ ಕುಳಿತರೆ ಅದು ಸುಮಾರು 0.6 ಸೆಕೆಂಡಿಗೆ ಇಳಿಯುತ್ತದೆ. ಹಣ ಕೊಟ್ಟು ಫೋಮಿನ ಹಲಗೆ ತರುವ ಮೊದಲು ಟ್ರಂಕಿನೊಳಗೆ ಏನಿದೆ ಎಂದು ನೋಡಬೇಕಾದ ಕಾರಣ ಇದೇ.

ನವಲಗುಂದದ ಜಮಖಾನೆ ಭೌಗೋಳಿಕ ಗುರುತು ಪಡೆದ ನೇಯ್ಗೆ. ಹತ್ತಿಯ ನೂಲು, ಗಾಢ ಬಣ್ಣ, ನವಿಲು, ಪಗಡೆ ಪಟದ ವಿನ್ಯಾಸ. ನೇಯುವವರು ಬಹುತೇಕ ಮುಸ್ಲಿಂ ಕುಟುಂಬಗಳ ಹೆಣ್ಣುಮಕ್ಕಳು. ಗಟ್ಟಿ ನೇಯ್ಗೆ ಅದು. ಆದರೆ ಸಪಾಟು ನೇಯ್ಗೆಯಾದ್ದರಿಂದ ಒಂದೇ ಪದರ ತಾರಸ್ಥಾಯಿಯ ಸದ್ದನ್ನು ಮಾತ್ರ ಹೀರುತ್ತದೆ. ಅಡಿಗೆ ಒಂದು ಗಾದಿಯನ್ನೋ ಕಂಬಳಿಯನ್ನೋ ಹಾಸಿದರೆ ಕೆಲಸ ಹೆಚ್ಚುತ್ತದೆ. ಕೌದಿಯದು ಬೇರೆ ಗುಣ. ಹಳೆ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರದ ಮೇಲೆ ಪದರ ಇಟ್ಟು ಅಜ್ಜಿಯರು ಹೊಲಿದ ಈ ಹೊದಿಕೆಯೊಳಗೆ ಸದ್ದು ಸಿಕ್ಕಿಕೊಂಡು ಸವೆಯುತ್ತದೆ. ಗೋಡೆಗೆ ಅಂಟಿಸದೆ, ನಾಲ್ಕು ಬೆರಳಷ್ಟು ಸಂದು ಬಿಟ್ಟು ಬಿದಿರಿನ ಗಳಕ್ಕೆ ತೂಗಿಬಿಟ್ಟರೆ ಮಧ್ಯಸ್ಥಾಯಿಯ ಸದ್ದೂ ಹಿಡಿತಕ್ಕೆ ಬರುತ್ತದೆ. ಸ್ಪೀಕರಿನ ಸದ್ದು ಪಕ್ಕದ ಗೋಡೆಗೆ ಬಡಿದು ಕಿವಿಗೆ ಬರುವ ಜಾಗ ಇದಕ್ಕೆ ಸರಿಯಾದ ಸ್ಥಳ. ಒಬ್ಬರು ಗೋಡೆಯುದ್ದಕ್ಕೂ ಕನ್ನಡಿ ಸರಿಸುತ್ತ ಹೋಗಬೇಕು. ಕುಳಿತವರಿಗೆ ಕನ್ನಡಿಯಲ್ಲಿ ಸ್ಪೀಕರು ಎಲ್ಲಿ ಕಂಡಿತೋ ಅಲ್ಲಿ ಕೌದಿ ತೂಗಬೇಕು.

ಕೂಡುವ ಜಾಗ, ಹಗ್ಗದ ಅಳತೆ

ಜೋಡಣೆಯ ಮೂಲೆಗಲ್ಲು ಕೂಡುವ ಜಾಗ. ಹಿಂದಿನ ಗೋಡೆಗೆ ಲೋಡು ಆನಿಸಿ ಕೂಡುವುದು ನಮ್ಮ ರೂಢಿ; ಸರೌಂಡಿಗೆ ಮಾತ್ರ ಅದು ಆಗಿಬರುವುದಿಲ್ಲ. ಗೋಡೆಗೆ ತಲೆ ತಾಗಿದ್ದರೆ ಮಂದ್ರದ ಸದ್ದು ಗುಮ್ಮೆನ್ನುತ್ತದೆ, ಹಿಂದೆ ಸ್ಪೀಕರಿಗೆ ಜಾಗವೂ ಉಳಿಯುವುದಿಲ್ಲ. 16 ಅಡಿ ಉದ್ದದ ಆ ಪಡಸಾಲೆಯಲ್ಲಿ ಟಿವಿಯ ಗೋಡೆಯಿಂದ 2 ಅಡಿ ಮುಂದೆ ಎದುರಿನ ಸ್ಪೀಕರುಗಳ ಸಾಲು, ಅಲ್ಲಿಂದ 8 ಅಡಿಗೆ ಕೂಡುವ ಜಾಗ, ಬೆನ್ನಿಗೆ 6 ಅಡಿ ಬಯಲು. ಈ ಹಂಚಿಕೆ ಅನುಕೂಲವಾದದ್ದು.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್ 775 ಶಿಫಾರಸಿನಂತೆ ಎದುರಿನ ಎಡಬಲ ಸ್ಪೀಕರುಗಳು ನಡುಗೆರೆಯಿಂದ 30 ಡಿಗ್ರಿ, ಸರೌಂಡುಗಳು 100ರಿಂದ 120 ಡಿಗ್ರಿ ಕೋನದಲ್ಲಿರಬೇಕು. ಡಿಗ್ರಿ ಅಳೆಯಲು ಕೋನಮಾಪಕ ಬೇಕಿಲ್ಲ, ಒಂದು ಹಗ್ಗ ಮತ್ತು ಟೇಪು ಸಾಕು. ಕೂಡುವ ಜಾಗದಿಂದ ಟಿವಿಯ ನಡುವಿಗೆ ನೇರ ಹಗ್ಗ ಎಳೆಯಿರಿ. 8 ಅಡಿ ದೂರದ ಸಾಲಿನಲ್ಲಿ ನಡುವಿನಿಂದ ಎಡಕ್ಕೊಂದು ಬಲಕ್ಕೊಂದು 4 ಅಡಿ 7 ಇಂಚಿಗೆ ಗುರುತು ಹಾಕಿದರೆ ಅದೇ 30 ಡಿಗ್ರಿ. ಸರೌಂಡಿಗೆ, ಕುಳಿತವರ ಕಿವಿಯ ನೇರಕ್ಕೆ ಪಕ್ಕದ ಗೋಡೆಯ ಮೇಲೆ ಒಂದು ಗೆರೆ. ಗೋಡೆ 6 ಅಡಿ ದೂರವಿದ್ದರೆ ಆ ಗೆರೆಯಿಂದ 2 ಅಡಿ 2 ಇಂಚು ಹಿಂದೆ ಸರಿದರೆ 110 ಡಿಗ್ರಿ. ಅಳತೆಯಲ್ಲಿ ನಾಲ್ಕಾರು ಇಂಚು ಹೆಚ್ಚುಕಡಿಮೆಯಾದರೆ ಕೆಡುಕಿಲ್ಲ. ಸರೌಂಡನ್ನು ಟಿವಿಯ ಪಕ್ಕಕ್ಕೆ ತಂದಿಡುವುದು ಮಾತ್ರ ಸಲ್ಲದು. ವಾಯರು ಸಾಲಲಿಲ್ಲವೆಂದು ಐದೂ ಸ್ಪೀಕರುಗಳನ್ನು ಟಿವಿ ಸ್ಟ್ಯಾಂಡಿನ ಮೇಲೆ ಸಾಲಾಗಿ ಇಟ್ಟ ಮನೆಯಲ್ಲಿ ಸರೌಂಡ್ ಇದ್ದೂ ಇಲ್ಲದಂತೆ.

ಎತ್ತರದ ವಿಷಯದಲ್ಲಿ ಹೊರಗಿನ ಕೈಪಿಡಿಗಳು ಸೋಫಾದ ಮೇಲೆ ಕೂತವರನ್ನು ಲೆಕ್ಕಕ್ಕೆ ಹಿಡಿದಿವೆ. ಅವರ ಕಿವಿ ನೆಲದಿಂದ ಮೂರುಕಾಲು ಅಡಿಗೂ ಮೇಲಿರುತ್ತದೆ. ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಕಿವಿ ಎರಡೂವರೆ ಅಡಿಗೆ ಸಿಗುತ್ತದೆ. ಅದೇ ಕೋಣೆಯಲ್ಲಿ ಅಜ್ಜ ಹೊರಸಿನ ಮೇಲೆ, ಬಂದ ಬೀಗರು ಕುರ್ಚಿಯ ಮೇಲೆ ಇರುತ್ತಾರೆ. ಇಷ್ಟೂ ಜನರಿಗೆ ಹೊಂದುವಂತೆ ಸರೌಂಡನ್ನು ನೆಲದಿಂದ 5 ಅಡಿಗೆ ಕಟ್ಟಿ, ಮುಖವನ್ನು ತುಸು ಕೆಳಕ್ಕೆ ಬಾಗಿಸುವುದು ಒಳ್ಳೆಯದು. ಓಣಿಯವರೆಲ್ಲ ಬಂದು ಕೂಡುವ ಮನೆಯಾದರೆ ಇನ್ನೂ ಒಂದು ಅಡಿ ಮೇಲೆ. ಕಾರಣವಿಷ್ಟೆ: ಒಂದೇ ಸದ್ದು ಎರಡು ಕಡೆಯಿಂದ ಬಂದಾಗ ಮೊದಲು ಮುಟ್ಟಿದ ಕಡೆಗೇ ಕಿವಿ ವಾಲುತ್ತದೆ, ಜರ್ಮನಿಯ ಹೆಲ್ಮಟ್ ಹಾಸ್ 1949ರಲ್ಲಿ ಇದನ್ನು ವಿವರವಾಗಿ ಅಭ್ಯಸಿಸಿದರು. ಗೋಡೆಯ ಬದಿಗೆ, ಸ್ಪೀಕರಿನ ಅಡಿಗೇ ಕೂತವರಿಗೆ ಸಿನಿಮಾ ಇಡೀ ಆ ಒಂದು ಪೆಟ್ಟಿಗೆಯಿಂದ ಬಂದಂತಾಗುತ್ತದೆ. ಸ್ಪೀಕರು ಮೇಲೇರಿದಷ್ಟೂ ನಡುವಿನವರಿಗೂ ಅಂಚಿನವರಿಗೂ ಇರುವ ದೂರದ ಅಂತರ ಕಡಿಮೆಯಾಗುತ್ತದೆ.

ಹಳೆ ಮನೆಗಳ ಗೋಡೆಯಲ್ಲಿ ದೀಪಕ್ಕೋ ಡಬ್ಬಿಗಳಿಗೋ ಮಾಡಿದ ಗೂಡುಗಳಿರುತ್ತವೆ. ಸ್ಪೀಕರಿಗೆ ಹೇಳಿ ಮಾಡಿಸಿದಂತೆ ಕಾಣುತ್ತವೆ, ಆದರೆ ಗೂಡಿನ ಆಳದಲ್ಲಿಟ್ಟ ಸ್ಪೀಕರು ಕೊಡದೊಳಗೆ ಬಾಯಿಟ್ಟು ಮಾತನಾಡಿದಂತೆ ನುಡಿಯುತ್ತದೆ. ಅಲ್ಲೇ ಇಡಬೇಕಾಗಿ ಬಂದರೆ ಹಿಂಬದಿಗೆ ತೂತಿಲ್ಲದ ಪೆಟ್ಟಿಗೆ ಆರಿಸಿ, ಗೋಡೆಯ ಅಂಚಿಗೆ ಸಮನಾಗಿ ಮುಂದೆ ಎಳೆದು, ಸುತ್ತ ಉಳಿದ ಸಂದಿಗೆ ಬಟ್ಟೆ ತುಂಬಬೇಕು.

ಯಾವ ಸ್ಪೀಕರು

ಸರೌಂಡಿನಲ್ಲಿ ಮುಖ್ಯವಾಗಿ ಮೂರು ಬಗೆ. ನೇರವಾಗಿ ಒಂದೇ ಕಡೆ ನುಡಿಯುವುದು ಒಂದು. ಬೈಪೋಲ್ ಎರಡು ಮುಖದಿಂದ ಒಟ್ಟಿಗೆ ನುಡಿಯುತ್ತದೆ. ಡೈಪೋಲ್‌ನ ಎರಡು ಮುಖಗಳು ಒಂದಕ್ಕೊಂದು ವಿರುದ್ಧವಾಗಿ ನುಡಿದು, ಕೇಳುಗನ ನೇರಕ್ಕೆ ಸದ್ದು ತಗ್ಗುವಂತೆ ಮಾಡುತ್ತವೆ. ಡೈಪೋಲ್ ಗೋಡೆಗಳನ್ನು ನಂಬಿಕೊಂಡ ಸ್ಪೀಕರು, ಹಿಂದೆ ಸರೌಂಡ್ ವಾಹಿನಿ ಒಂದೇ ಇದ್ದ ಕಾಲಕ್ಕೆ ಹೊಂದುತ್ತಿತ್ತು. ಇಂದಿನ ಚಿತ್ರಗಳಿಗೆ, ಅದರಲ್ಲೂ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಅಂಗಳಕ್ಕೆ ತೆರೆದ ಬಾಗಿಲಿರುವ ಪಡಸಾಲೆಗೆ, ನೇರ ಬಗೆಯದೇ ಸರಿ.

ಗಾತ್ರ ದೊಡ್ಡದಿರಬೇಕೆಂದಿಲ್ಲ. 80 ಹರ್ಟ್ಸ್‌ಗಿಂತ ಕೆಳಗಿನ ಮಂದ್ರವನ್ನು ಸಬ್‌ವೂಫರಿಗೆ ಒಪ್ಪಿಸುವುದರಿಂದ, 4 ಅಥವಾ 5 ಇಂಚಿನ ವೂಫರ್ ಮತ್ತು ಒಂದು ಟ್ವೀಟರ್ ಇರುವ ಶೆಲ್ಫ್ ಸ್ಪೀಕರು ಸಾಕು. ಸರೌಂಡಿನ ಕಂಪನಿ, ಸಾಲು ಎದುರಿನ ಮೂರೂ ಸ್ಪೀಕರುಗಳದ್ದೇ ಆಗಿದ್ದರೆ ಎಡದಿಂದ ಬೆನ್ನಿಗೆ ಸರಿಯುವ ಸದ್ದಿನ ಬಣ್ಣ ಬದಲಾಗುವುದಿಲ್ಲ. ಸಂತೆಯಲ್ಲಿ, ಹುಬ್ಬಳ್ಳಿಯ ಅಂಗಡಿಗಳಲ್ಲಿ ಪೆಟ್ಟಿಗೆಯ ಮೇಲೆ ಸಾವಿರಾರು ವಾಟ್ ಪಿಎಂಪಿಒ ಎಂದು ಬರೆದಿದ್ದರೆ ಆ ಅಂಕಿಯನ್ನು ಓದಲೇಬೇಡಿ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಆರ್‌ಎಂಎಸ್ ಎಷ್ಟು, ಸೆನ್ಸಿಟಿವಿಟಿ ಎಷ್ಟು, ಎಷ್ಟು ಓಮ್ ಎಂದು ಕೇಳಿ. 1 ವಾಟ್‌ಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ನುಡಿಯುವ ಸ್ಪೀಕರು 10 ವಾಟ್‌ಗೆ ಎರಡು ಮೀಟರ್ ದೂರದಲ್ಲಿ 91 ಡೆಸಿಬೆಲ್ ಮುಟ್ಟುತ್ತದೆ. ತೊಲೆಗೆ ಕಲಘಟಗಿಯ ಬಣ್ಣದ ತೊಟ್ಟಿಲು ಕಟ್ಟಿದ ಮನೆಯಲ್ಲಿ ಅಷ್ಟೂ ಬೇಡ. ಮಕ್ಕಳ ಕಿವಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ 75 ಡೆಸಿಬೆಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಏಳು ಅಗ್ಗದ ಸ್ಪೀಕರುಗಳಿಗಿಂತ ಐದು ಒಳ್ಳೆಯವು ಮೇಲು. 7.1ರ ಹಿಂದಿನ ಎರಡು ಸ್ಪೀಕರುಗಳು 135ರಿಂದ 150 ಡಿಗ್ರಿಗೆ ಕೂಡಬೇಕು; ಬೆನ್ನಿಗೆ ನಾಲ್ಕು ಅಡಿಯೂ ಇಲ್ಲದ ಕೋಣೆಯಲ್ಲಿ ಅವು ದಂಡ. ಅಟ್ಮಾಸ್‌ಗಾಗಿ ಛತ್ತಿಗೆ ಸದ್ದು ಚಿಮ್ಮಿಸಿ ಕೆಳಗೆ ಬೀಳಿಸುವ ಸ್ಪೀಕರುಗಳು ಸಪಾಟಾದ, ಗಟ್ಟಿಯಾದ, ಹೆಚ್ಚು ಎತ್ತರವಲ್ಲದ ಛತ್ತನ್ನು ಬೇಡುತ್ತವೆ. ಆರ್‌ಸಿಸಿ ಮನೆಯಲ್ಲಿ ಅವು ನಡೆಯುತ್ತವೆ. ಜಂತಿಯ ಮಾಳಿಗೆಯಲ್ಲಿ ಸದ್ದು ಚದುರಿಹೋಗುತ್ತದೆ, ಕಲಘಟಗಿಯ ಇಳಿಜಾರು ಹಂಚಿನಲ್ಲಿ ಬೇರೆಲ್ಲೋ ಜಾರುತ್ತದೆ. ಅಲ್ಲಿ ತೊಲೆಗೇ ಚಿಕ್ಕ ಸ್ಪೀಕರು ಬಿಗಿಯುವುದೊಂದೇ ದಾರಿ.

ಸಬ್‌ವೂಫರಿನ ಜಾಗವನ್ನು ಕಣ್ಣಳತೆಯಿಂದ ಹೇಳಲಾಗದು. 16 ಅಡಿ ಉದ್ದದ ಕೋಣೆ 35 ಹರ್ಟ್ಸ್‌ನಲ್ಲಿ, 12 ಅಡಿ ಅಗಲ 47 ಹರ್ಟ್ಸ್‌ನಲ್ಲಿ ತಾನೇ ಗುಂಯ್ಗುಡುತ್ತದೆ. ಉದ್ದ, ಅಗಲ, ಎತ್ತರ ಮೂರೂ 10 ಅಡಿಯಾದ ಚೌಕ ಕೋಣೆಯಲ್ಲಿ ಮೂರೂ 56 ಹರ್ಟ್ಸ್‌ಗೆ ಬಂದು ಸೇರುತ್ತವೆ, ಹೀಗಾಗಿ ಅಂಥ ಕೋಣೆಯನ್ನು ಆರಿಸದಿರುವುದು ಒಳ್ಳೆಯದು. ಸಬ್‌ವೂಫರನ್ನು ಕೂಡುವ ಜಾಗದಲ್ಲೇ ಇಟ್ಟು, ಡಗ್ಗಾ ಸ್ಪಷ್ಟವಾಗಿರುವ ಒಂದು ಗಾಯನ ಹಚ್ಚಿ, ಗೋಡೆಗುಂಟ ಅಂಬೆಗಾಲಿಡುತ್ತ ಹೋಗಬೇಕು. ಎಲ್ಲಿ ಡಗ್ಗಾದ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಿತೋ ಅಲ್ಲಿ ಸಬ್‌ವೂಫರ್ ಇಡಬೇಕು.

ಕಟ್ಟುವುದು, ವಾಯರು, ಕರೆಂಟು

ಮಣ್ಣಿನ ಗೋಡೆಗೆ ಡ್ರಿಲ್ ಹಾಕಿ ಪ್ಲಗ್ ಬಡಿದರೆ ನಾಲ್ಕು ದಿನಕ್ಕೆ ಸಡಿಲಾಗುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಆ ನೆಲದ ಮೇಲಿನ ಗೋಡೆಗಳೂ ಅಲುಗುತ್ತವೆ, ಬಿರುಕು ಬಿಡುತ್ತವೆ. ಸ್ಪೀಕರನ್ನು ಕಂಬಕ್ಕೋ ತೊಲೆಗೋ ಬಿಗಿಯಬೇಕು, ಇಲ್ಲವೆ ನೆಲದ ಮೇಲೆ ಸ್ಟ್ಯಾಂಡ್ ನಿಲ್ಲಿಸಬೇಕು. ಸರೌಂಡಿಗೆ 10 ಮೀಟರ್ ತನಕ 1.5 ಚದರ ಮಿಲಿಮೀಟರಿನ ತಾಮ್ರದ ಜೋಡಿ ವಾಯರು ಸಾಕು. ಕಾಳಿನ ಚೀಲವಿದ್ದಲ್ಲಿ ಇಲಿ ಇದ್ದೇ ಇರುತ್ತದೆ, ಆದ್ದರಿಂದ ವಾಯರನ್ನು ಕೇಸಿಂಗ್ ಪಟ್ಟಿಯೊಳಗೇ ಎಳೆಯಬೇಕು. ಕೆಂಪು ಕಪ್ಪು ತುದಿಗಳು ಎರಡೂ ಕಡೆ ಒಂದೇ ಆಗಿರಲಿ. ಒಂದು ಸ್ಪೀಕರಿನಲ್ಲಿ ತಿರುಗುಮುರುಗಾದರೂ ಸದ್ದು ಟೊಳ್ಳಾಗುತ್ತದೆ. ವಾಯರ್‌ಲೆಸ್ ಸರೌಂಡ್ ಎಂದು ಮಾರುವ ಸ್ಪೀಕರಿಗೂ ಕರೆಂಟಿನ ವಾಯರು ಬೇಕೇ ಬೇಕು. ವೋಲ್ಟೇಜ್ ಏರಿಳಿತವಿರುವ ಊರಿನಲ್ಲಿ ಸ್ಟೆಬಿಲೈಜರ್, ಸರಿಯಾದ ಅರ್ಥಿಂಗ್ ಇವು ಸ್ಪೀಕರಿನಷ್ಟೇ ಅಗತ್ಯ. ಮುಂಗಾರಿನ ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಡಿಶ್‌ನ ಕೇಬಲ್ಲನ್ನೂ ಕಿತ್ತಿಡಬೇಕು.

ಕೊನೆಯ ಕೆಲಸ ಮಟ್ಟ ಹೊಂದಿಸುವುದು. ಪ್ರತಿ ಸ್ಪೀಕರು ಕಿವಿಯಿಂದ ಎಷ್ಟು ಅಡಿ ದೂರವೆಂದು ಟೇಪು ಹಿಡಿದು ಅಳೆದು, ಸ್ಪೀಕರುಗಳನ್ನು ನುಡಿಸುವ ರಿಸೀವರಿಗೆ ತಿಳಿಸಬೇಕು. ಸದ್ದು ಒಂದು ಅಡಿ ಸಾಗಲು ಹತ್ತಿರಹತ್ತಿರ ಒಂದು ಮಿಲಿಸೆಕೆಂಡ್ ಬೇಕು, ರಿಸೀವರು ಹತ್ತಿರದ್ದನ್ನು ಅಷ್ಟು ತಡೆದು ನುಡಿಸುತ್ತದೆ. ಆಮೇಲೆ ಪರೀಕ್ಷೆಯ ಸದ್ದು ಹಚ್ಚಿ, ಫೋನಿನ ಡೆಸಿಬೆಲ್ ಆ್ಯಪ್‌ನಲ್ಲಿ ಐದೂ ಸ್ಪೀಕರುಗಳನ್ನು ಒಂದೇ ಮಟ್ಟಕ್ಕೆ ತರಬೇಕು. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಎಂದು ಗೊತ್ತುಮಾಡಿವೆ. ಬೆಳಕಿಂಡಿ ಮುಚ್ಚಿ, ತಲೆಬಾಗಿಲು ಹಾಕಿ, ಹೊರಗೆ ಓಣಿಯಲ್ಲಿ ನಿಂತು ಒಮ್ಮೆ ಕೇಳಿ ಬರುವುದು ನೆರೆಯವರಿಗೆ ಸಲ್ಲಬೇಕಾದ ಮರ್ಯಾದೆ.

ಹತ್ತಿ ಬಿಡಿಸುವ ದಿನಗಳಲ್ಲಿ ಪಡಸಾಲೆಯ ಒಂದು ಬದಿಗೆ ಅಂಡಿಗೆಗಳು ಬಂದು ಕೂಡುತ್ತವೆ. ಹತ್ತಿಯಷ್ಟು ಸದ್ದು ಹೀರುವ ವಸ್ತು ಮನೆಯಲ್ಲಿ ಬೇರೆ ಇಲ್ಲ. ಮಾಲು ಮಾರಿ ಪಡಸಾಲೆ ಬರಿದಾದ ಮೇಲೆ ಮಟ್ಟವನ್ನು ಮತ್ತೊಮ್ಮೆ ಅಳೆದು ಹೊಂದಿಸಿ.